ಎಣಿಕೆಯಣ್ಣನ ಹಣ್ಣಿನ ವಿಸ್ಕಿ

ಹೋಟೆಲಿನಲ್ಲಿ ಅವನನ್ನು ಎಲ್ಲರೂ ಎಣಿಕೆಯಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಅದೇ ಬಾರಿನಲ್ಲಿ, ಅದೇ ಮರದ ಕೌಂಟರಿನ ಹಿಂದೆ ನಿಂತು ಕಾಕ್‌ಟೇಲ್ ಬೆರೆಸಿದ ಮನುಷ್ಯ. ಅವನು ಅಳತೆಯ ಬಟ್ಟಲು ಮುಟ್ಟಿದ್ದನ್ನು ಕಂಡವರಿಲ್ಲ. ಬಾಟಲಿಯ ಬಾಯಿಗೆ ಉಕ್ಕಿನ ಸಣ್ಣ ಕೊಳವೆ ಸಿಕ್ಕಿಸಿ, ವಿಸ್ಕಿ ಸುರಿಯುತ್ತಾ ಒಳಗೊಳಗೇ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಿದ್ದ. ನಾಲ್ಕಕ್ಕೆ ಮಣಿಕಟ್ಟು ತಿರುಗಿಸಿದರೆ ಲೋಟದಲ್ಲಿ ಸರಿಯಾಗಿ ಒಂದು ಅಳತೆ ಇರುತ್ತಿತ್ತು. ಒಮ್ಮೆ ಒಬ್ಬ ಗಿರಾಕಿ ಪಂಥ ಕಟ್ಟಿ ಹತ್ತು ಲೋಟ ಸುರಿಸಿ, ಒಂದೊಂದನ್ನೂ ಅಳೆದು ನೋಡಿ, ಹತ್ತೂ ಒಂದೇ ಆಗಿದ್ದನ್ನು ಕಂಡು ಬಾಯಿ ಮುಚ್ಚಿಕೊಂಡು ಎದ್ದು ಹೋಗಿದ್ದ.

ಅದಕ್ಕಿಂತ ದೊಡ್ಡ ವಿದ್ಯೆ ಬೇರೆ ಇತ್ತು. ಸುರಿಯುವಾಗ ಅವನು ಲೋಟ ನೋಡುತ್ತಿರಲಿಲ್ಲ, ಎದುರು ಕೂತವರ ಮುಖ ನೋಡುತ್ತಿದ್ದ. ಅವನಿಗೆ ಕೆಲಸ ಕಲಿಸಿದ ಹಳೇ ಮೇಷ್ಟ್ರು ಹೇಳಿಕೊಟ್ಟಿದ್ದೇ ಅದು. "ಲೋಟ ನೋಡೋನು ಗುಮಾಸ್ತ ಕಣೋ. ಮುಖ ನೋಡೋನು ಬಾರ್‌ನವನು." ಹೀಗೆ ಮುಖ ನೋಡಿ ನೋಡಿ, ಯಾರಿಗೆ ಇನ್ನೊಂದು ಲೋಟ ಕೊಡಬೇಕು, ಯಾರಿಗೆ ನೀರು ಕೊಟ್ಟು ಮನೆಗೆ ಕಳಿಸಬೇಕು ಎಂಬುದು ಅವನಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು.

ಇಂಥವನು ಮನೆಯಲ್ಲಿ ಒಂದು ಹನಿ ಮುಟ್ಟುತ್ತಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಆ ಮನೆಯಲ್ಲಿ ಇದ್ದದ್ದು ಅವನು, ಅವನ ಹೆಂಡತಿ. ಹೆಂಡತಿಗೆ ಮೂಲೆಯ ಲಾಂಡ್ರಿಯಲ್ಲಿ ಗಿರಾಕಿಗಳ ಬಟ್ಟೆ ತೆಗೆದುಕೊಂಡು ಕಲೆ ಬಿಡಿಸುವ ಕೆಲಸ. ಗಿರಾಕಿ ತಂದ ಅಂಗಿಯ ಕಲೆಯನ್ನು ಮೂಗಿನ ಹತ್ತಿರ ಹಿಡಿದು, ಇದು ಎಣ್ಣೆ, ಇದು ಹಣ್ಣಿನ ರಸ, ಇದು ಮಗು ಕಕ್ಕಿದ ಹಾಲು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದಳು. ಯಾವ ಕಲೆಗೆ ಯಾವ ದ್ರಾವಣ ಎಂಬುದು ಆಕೆಯ ಮೂಗಿನ ಮೇಲೆ ನಿಂತಿತ್ತು. ಅವಳು ರಜೆ ಹಾಕಿದ ದಿನ ಲಾಂಡ್ರಿಯ ಯಜಮಾನ ಕಲೆಯಿದ್ದ ಬಟ್ಟೆಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿಕೊಂಡು ಅವಳ ದಾರಿ ಕಾಯುತ್ತಿದ್ದ.

ನಾಲ್ಕು ತಿಂಗಳ ಹಿಂದೆ ಎಣಿಕೆಯಣ್ಣನಿಗೆ ಒಂದು ಜ್ವರ ಬಂತು. ಮೂರು ದಿನ ಮಲಗಿದ, ನಾಲ್ಕನೇ ದಿನ ಎದ್ದ. ಜ್ವರ ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು.

ಮೊದಲು ನೆಗಡಿ ಇರಬೇಕು ಎಂದುಕೊಂಡ. ನೆಗಡಿ ಇಳಿಯಿತು, ವಾಸನೆ ಮಾತ್ರ ಬರಲಿಲ್ಲ. ಕಾಫಿ ಬರೀ ಬಿಸಿನೀರಾಯಿತು. ಸಿಹಿ, ಹುಳಿ, ಉಪ್ಪು ನಾಲಿಗೆಗೆ ಅಷ್ಟಿಷ್ಟು ತಿಳಿಯುತ್ತಿದ್ದವು, ಅದೂ ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ. ಯಾರಿಗೂ ಹೇಳದೆ ಒಂದು ಮಧ್ಯಾಹ್ನ ಡಾಕ್ಟರ ಹತ್ತಿರ ಹೋಗಿಬಂದ. "ಬರಬಹುದು, ಬರದೇನೂ ಇರಬಹುದು. ಕೆಲವರಿಗೆ ವರ್ಷಗಟ್ಟಲೆ ಹಿಡಿಯುತ್ತೆ" ಎಂದರು ಅವರು. ಆ ಚೀಟಿಯನ್ನು ಬಸ್ ನಿಲ್ದಾಣದ ಕಸದ ಡಬ್ಬಿಗೆ ಹಾಕಿ, ಏನೂ ಆಗದವನ ಹಾಗೆ ಮನೆಗೆ ಬಂದ.

ಬಾರಿನವರಿಗೆ ಒಂದು ರೂಢಿ ಇದೆ. ಕಾಕ್‌ಟೇಲನ್ನು ಗಿರಾಕಿಗೆ ಕೊಡುವ ಮೊದಲು ಅದರಲ್ಲಿ ಸ್ಟ್ರಾ ಅದ್ದಿ, ಮೇಲ್ತುದಿಯನ್ನು ಬೆರಳಿಂದ ಮುಚ್ಚಿ ಎತ್ತಿ, ಒಂದೇ ಒಂದು ಹನಿ ನಾಲಿಗೆಗೆ ಬಿಟ್ಟು ನೋಡಬೇಕು. ಒಂದು ಹನಿಯಲ್ಲಿ ಉರಿ ತಿಳಿಯುವುದಿಲ್ಲ, ಪರಿಮಳ ತಿಳಿಯುತ್ತದೆ. ಪರಿಮಳದಿಂದಲೇ ಎಲ್ಲ ಗೊತ್ತು ಮಾಡಿಕೊಳ್ಳಬೇಕು. ಎಣಿಕೆಯಣ್ಣ ಈಗ ಅದನ್ನು ನಾಟಕದ ಹಾಗೆ ಮಾಡತೊಡಗಿದ. ಸ್ಟ್ರಾ ಅದ್ದುವುದು, ಕಣ್ಣು ಮುಚ್ಚುವುದು, ತಲೆ ಆಡಿಸುವುದು. ಹಳೇ ಕಾಕ್‌ಟೇಲುಗಳೆಲ್ಲ ಕೈಗೆ ಬಾಯಿಪಾಠವಾಗಿದ್ದರಿಂದ ಯಾರಿಗೂ ಗುಮಾನಿ ಬರಲಿಲ್ಲ. ಅಷ್ಟರಲ್ಲಿ ಹೋಟೆಲಿಗೆ ಹೊಸ ಮ್ಯಾನೇಜರಮ್ಮ ಬಂದರು, ಬಾರನ್ನು ಒಡೆದು ಹೊಸದಾಗಿ ಕಟ್ಟುವುದೆಂದಾಯಿತು. ಬಾಟಲಿ, ಕೊಳವೆ, ಕುಲುಕುವ ಡಬ್ಬಿ ಎಲ್ಲ ಉಗ್ರಾಣ ಸೇರಿ ಬೀಗ ಬಿತ್ತು. ಎಣಿಕೆಯಣ್ಣ ಬದುಕಿದೆ ಎಂದುಕೊಂಡ.

ಬದುಕಿರಲಿಲ್ಲ. ಹೊಸ ಬಾರು ಚಿಕ್ಕದು, ಅದರ ಹೊಣೆ ಒಬ್ಬರಿಗೇ. ಇದ್ದ ಮೂವರಲ್ಲಿ ಯಾರಿಗೆ ಎಂದು ತೀರ್ಮಾನಿಸಲು ಮ್ಯಾನೇಜರಮ್ಮ ಒಂದು ದಾರಿ ಹುಡುಕಿದರು. "ತಾಜಾ ಬೆರಿ ಹಣ್ಣು, ವಿಸ್ಕಿ. ಇವೆರಡೂ ಇರೋ ಹೊಸ ಕಾಕ್‌ಟೇಲ್ ಒಂದು ಬೇಕು. ಹೋಟೆಲಲ್ಲಿ ಬರೀ ಧೂಳು, ನಿಮ್ಮ ನಿಮ್ಮ ಮನೇಲೇ ಮಾಡಿ. ನಾನೇ ಬಂದು ಕುಡಿದು ನೋಡ್ತೀನಿ" ಎಂದರು. ಎಣಿಕೆಯಣ್ಣನ ಸರದಿ ಮುಂದಿನ ಭಾನುವಾರ, ಸಂಜೆ ನಾಲ್ಕಕ್ಕೆ.

ಹಳೇದನ್ನು ಕೈ ಮಾಡುತ್ತದೆ, ಹೊಸದನ್ನು ಮೂಗೇ ಮಾಡಬೇಕು. ಐವತ್ತೆಂಟನೇ ವಯಸ್ಸಿನಲ್ಲಿ ಬೇರೆ ಯಾವ ಕೆಲಸವೂ ಗೊತ್ತಿಲ್ಲದವನನ್ನು ಬಾರಿನಿಂದ ಆಚೆ ಕಳಿಸಿದರೆ ಅವನು ಹೋಗಿ ನಿಲ್ಲುವುದಾದರೂ ಎಲ್ಲಿ?

ಸೋಮವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋದ. ಹಣ್ಣಿನವಳು ಬ್ಲಾಕ್‌ಬೆರಿ ಡಬ್ಬಿಯ ಮುಚ್ಚಳ ತೆಗೆದು, "ವಾಸನೆ ನೋಡಿ ಅಣ್ಣ, ಹೇಗೆ ಘಮ್ ಅಂತಿದೆ" ಎಂದಳು. ಅವನು ಬಗ್ಗಿ, ಮೂಗರಳಿಸಿ, "ಆಹಾ" ಎಂದು ಎರಡು ಡಬ್ಬಿ ಕೊಂಡುಕೊಂಡ. ಮನೆಗೆ ತಂದು ಮೇಜಿನ ಮೇಲಿಟ್ಟರೆ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು.

"ರೀ, ಏನದು ಹುಳಿತ ವಾಸನೆ? ಯಾವ ಪುಣ್ಯಾತ್ಮ ನಿಮ್ಮ ತಲೆಗೆ ಕಟ್ಟಿದ ಅದನ್ನ?"

"ಇದಕ್ಕೆ ಸ್ವಲ್ಪ ಹಣ್ಣಾಗಿರೋದೇ ಬೇಕು. ನಿನಗೆ ಗೊತ್ತಾಗಲ್ಲ" ಎಂದ ಅವನು. ಅವಳು ಡಬ್ಬಿ ತೆಗೆದು ಅಡಿಯಲ್ಲಿ ಬೂಸ್ಟು ಹಿಡಿದಿದ್ದ ನಾಲ್ಕು ಹಣ್ಣನ್ನು ಅವನ ಮುಂದಿಟ್ಟು ಕೆಲಸಕ್ಕೆ ಹೋದಳು. ಮರುದಿನ ಬರುವಾಗ ಅವಳೇ ಹಣ್ಣು ತಂದಳು.

ಮಂಗಳವಾರ ಸಂಜೆ ಮೊದಲ ಪ್ರಯತ್ನ. ಹಣ್ಣನ್ನು ಮರದ ಸೌಟಿನ ಹಿಡಿಯಿಂದ ಜಜ್ಜಿ, ಸಕ್ಕರೆ ಪಾಕ, ನಿಂಬೆರಸ, ವಿಸ್ಕಿ ಸೇರಿಸಿ, ಐಸ್ ಹಾಕಿ, ಜಾಮಿನ ಖಾಲಿ ಬಾಟಲಿಯಲ್ಲಿ ಕುಲುಕಿದ. ಸೋಸಿ ಲೋಟಕ್ಕೆ ಬಗ್ಗಿಸಿದ. ಬಣ್ಣ ನೋಡಿದರೆ ಕಣ್ಣು ತಂಪಾಗುತ್ತಿತ್ತು. ರುಚಿ ಹೇಗಿದೆಯೆಂದು ಆ ದೇವರೇ ಹೇಳಬೇಕಿತ್ತು. ದೇವರು ಸಿಗದೆ ಹೆಂಡತಿಯನ್ನು ಕರೆದ.

"ಏನೇ, ಒಂದು ಹನಿ ನೋಡಿ ಹೇಳೇ."

"ನಾನಾ? ಮೂವತ್ತು ವರ್ಷದಲ್ಲಿ ಇಲ್ಲದ್ದು ಇವತ್ತೇನು?"

"ಈಗ ಬಾರಿಗೆ ಹೆಂಗಸರೂ ಬರ್ತಾರೆ. ಹೆಣ್ಣುಮಕ್ಕಳ ನಾಲಿಗೆಗೆ ಹೇಗಿರುತ್ತೆ ಅಂತ ತಿಳೀಬೇಕಲ್ಲ." ಸುಳ್ಳು ಎಷ್ಟು ಚೆನ್ನಾಗಿ ಬಂತೆಂದರೆ ಅವನಿಗೇ ಖುಷಿಯಾಯಿತು.

ಹೆಂಡತಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಬಂದು, ಅವನು ತೋರಿಸಿಕೊಟ್ಟ ಹಾಗೆ ಸ್ಟ್ರಾದಿಂದ ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡಳು.

"ಥೂ! ಬಾಗಿಲಿಗೆ ಬಳಿಯೋ ಪಾಲಿಶ್ ಇದ್ದ ಹಾಗಿದೆ. ಇದಕ್ಕಾ ಜನ ಮನೆ ಮಠ ಬಿಟ್ಟು ಬಂದು ಕೂರೋದು?"

ಪಾಪ, ಅವಳ ತಪ್ಪೇನಿಲ್ಲ. ಜೀವನದಲ್ಲಿ ಮೊದಲ ಸಲ ವಿಸ್ಕಿ ಮುಟ್ಟಿದವರು ಇನ್ನೇನು ಹೇಳಿಯಾರು? ಆದರೆ ಬುಧವಾರದ ಹೊತ್ತಿಗೆ ಅವಳ ಬಾಯಿ ದಾರಿಗೆ ಬಂತು. "ಹಣ್ಣಿನ ಬೀಜ ಅರೆದುಹೋಗಿದೆ, ಅದಕ್ಕೇ ಒಗರು. ಜಜ್ಜಬೇಡಿ, ಒತ್ತಿ ಸಾಕು." ಗುರುವಾರ, "ಹಣ್ಣು ಒಂದು ಕಡೆ, ವಿಸ್ಕಿ ಒಂದು ಕಡೆ, ಜಗಳ ಆಡಿಕೊಂಡು ಕೂತಿರೋ ಗಂಡ ಹೆಂಡತಿ ಥರ ಇದಾವೆ. ಮಧ್ಯೆ ಏನಾದ್ರೂ ಬೇಕು." ಅವನು ಕಿತ್ತಳೆ ಸಿಪ್ಪೆಯ ಸಣ್ಣ ಚೂರು ಹಿಂಡಿದ, ಒಂದು ಚಿಟಿಕೆ ಉಪ್ಪು ಹಾಕಿದ. ಅವಳು ಕಣ್ಣು ಮುಚ್ಚಿ, ಲಾಂಡ್ರಿಯಲ್ಲಿ ಅಂಗಿಯ ಕಾಲರು ಹಿಡಿದು ನಿಂತ ಹಾಗೆ ನಿಂತು, "ಹ್ಞಾಂ, ಈಗ ಮಾತಾಡ್ತಿದಾವೆ" ಎಂದಳು. ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದೂ ತನ್ನದಕ್ಕಿಂತ ಚುರುಕಾದ ಮೂಗೊಂದು ಮನೆಯಲ್ಲೇ ಇದೆಯೆಂದು ಆ ಬೆಪ್ಪನಿಗೆ ಅವತ್ತು ಗೊತ್ತಾಯಿತು.

ಅಳತೆಯ ವಿಷಯದಲ್ಲಿ ಮಾತ್ರ ಜಟಾಪಟಿ ನಡೆಯಿತು. ಕೊಳವೆಗಳೆಲ್ಲ ಹೋಟೆಲಿನ ಉಗ್ರಾಣದಲ್ಲಿ. ಧಾರೆ ಸಣ್ಣಗೆ, ಒಂದೇ ಸಮ ಬೀಳುವಂತೆ ಮಾಡುವುದು ಕೊಳವೆ, ಅದಿಲ್ಲದೆ ಎಣಿಕೆಗೆ ಅರ್ಥವಿಲ್ಲ. ಹೆಂಡತಿ ಕೆಮ್ಮಿನ ಔಷಧಿಯ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತಂದು ಕೊಟ್ಟಳು, ಅದರಲ್ಲಿ ಗೆರೆಗಳಿದ್ದವು. "ಇದರಲ್ಲಿ ನಾಲ್ಕು ಮುಚ್ಚಳ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆ ಇಲ್ಲ." ಅವನು ಮುಖ ಸಿಂಡರಿಸಿದ, ಆದರೂ ಅಳೆದ. ಶನಿವಾರಕ್ಕೆ ಲೆಕ್ಕ ನಿಂತಿತು. ಎಂಟು ಬ್ಲಾಕ್‌ಬೆರಿ, ಮೂರು ಸ್ಟ್ರಾಬೆರಿ, ಅರ್ಧ ನಿಂಬೆ, ಎರಡು ಚಮಚ ಪಾಕ, ನಾಲ್ಕು ಮುಚ್ಚಳ ವಿಸ್ಕಿ, ಕಿತ್ತಳೆ ಸಿಪ್ಪೆ, ಚಿಟಿಕೆ ಉಪ್ಪು. ಹೆಂಡತಿ ಆ ದಿನ ಒಂದು ಹನಿಗೆ ನಿಲ್ಲಿಸದೆ ಎರಡು ಗುಟುಕು ಕುಡಿದು, ತನಗೇ ನಾಚಿಕೆಯಾಗಿ ಲೋಟ ತೊಳೆಯಲು ಹೋದಳು.

ಭಾನುವಾರ ನಾಲ್ಕಕ್ಕೆ ಐದು ನಿಮಿಷ ಮೊದಲೇ ಮ್ಯಾನೇಜರಮ್ಮನ ಸ್ಕೂಟರ್ ಕೆಳಗೆ ನಿಂತಿತು. ಮೂವತ್ತೈದು ದಾಟದ ಹೆಣ್ಣುಮಗಳು, ಹೆಲ್ಮೆಟ್ ಕೈಯಲ್ಲಿ ಹಿಡಿದೇ ಮೆಟ್ಟಿಲು ಹತ್ತಿ ಬಂದರು. ಎಣಿಕೆಯಣ್ಣ ಇಸ್ತ್ರಿಯಾದ ಕಪ್ಪು ಕೋಟು ತೊಟ್ಟು, ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿ, ಅದರ ಹಿಂದೆ ನಿಂತಿದ್ದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿದ್ದಳು.

ಹಣ್ಣು ಒತ್ತಿದ, ನಿಂಬೆ ಹಿಂಡಿದ. ಕೈ ಮೊದಲಿನ ಹಾಗೇ ಓಡುತ್ತಿತ್ತು. ಮ್ಯಾನೇಜರಮ್ಮ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದವರು ಮೇಜಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕಂಡು ನಕ್ಕರು. ಕೆಟ್ಟ ನಗುವೇನಲ್ಲ.

"ಇದೇನಣ್ಣ, ಕೆಮ್ಮಿನ ಔಷಧಿದಾ?"

ಅವನ ಕಿವಿ ಬಿಸಿಯಾಯಿತು. ಎಣಿಕೆಯಣ್ಣ ಎಂದು ಹೆಸರು ಪಡೆದವನು ಮುಚ್ಚಳದಲ್ಲಿ ಅಳೆಯುವುದೇ! "ಅದಾ? ಅದು ಇವಳದ್ದು, ಇಲ್ಲೇ ಮರೆತುಹೋಗಿದಾಳೆ" ಎಂದು ಅದನ್ನು ಬೆರಳ ತುದಿಯಿಂದ ಆಚೆ ತಳ್ಳಿದ. ಬಾಟಲಿ ಎತ್ತಿದ. ಮೂವತ್ತೊಂದು ವರ್ಷದ ಅಭ್ಯಾಸ, ಕಣ್ಣು ಗಿರಾಕಿಯ ಮುಖದ ಮೇಲೆ ನೆಟ್ಟಿತು, ಒಳಗೆ ಎಣಿಕೆ ಶುರುವಾಯಿತು. ಒಂದು, ಎರಡು, ಮೂರು, ನಾಲ್ಕು. ಮಣಿಕಟ್ಟು ತಿರುಗಿತು.

ಬಾಗಿಲಲ್ಲಿ ನಿಂತ ಹೆಂಡತಿಗೆ ಆ ಗಳಗಳ ಶಬ್ದ ಕೇಳಿಸಿತು. ದಿನವಿಡೀ ದ್ರಾವಣ ಬಗ್ಗಿಸುವವಳಿಗೆ ಶಬ್ದದಲ್ಲೇ ಎಷ್ಟು ಬಿತ್ತೆಂದು ತಿಳಿಯಿತು. ಬರೀ ಬಾಯಿಯ ಬಾಟಲಿಯಿಂದ ನಾಲ್ಕು ಎಣಿಸುವಷ್ಟು ಹೊತ್ತು ಬಿದ್ದರೆ ಎರಡರಷ್ಟಲ್ಲ, ಮೂರರಷ್ಟು. ಅವಳು ಬಾಯಿ ತೆರೆದಳು, ಪರರ ಮುಂದೆ ಗಂಡನ ಮಾನ ತೆಗೆಯಲಾರದೆ ಮತ್ತೆ ಮುಚ್ಚಿಕೊಂಡಳು.

ಅವನು ಜಾಮಿನ ಬಾಟಲಿ ಕುಲುಕಿ, ಪುಡಿ ಐಸ್ ತುಂಬಿದ ಲೋಟಕ್ಕೆ ಸೋಸಿ, ಮೇಲೆ ಎರಡು ಹಣ್ಣಿಟ್ಟ. ಸ್ಟ್ರಾ ಅದ್ದಿದ. ಒಂದು ಹನಿ ನಾಲಿಗೆಗೆ ಬಿಟ್ಟು, ಕಣ್ಣು ಮುಚ್ಚಿ, ತಲೆ ಆಡಿಸಿದ.

"ಸರಿಯಾಗಿದೆ. ತೊಗೊಳ್ಳಿ ಮೇಡಂ."

ಮ್ಯಾನೇಜರಮ್ಮ ಒಂದು ಗುಟುಕು ಕುಡಿದರು. ನೆತ್ತಿಗೆ ಹತ್ತಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಮರ್ಯಾದೆಗೆ ಇನ್ನೊಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಅಣ್ಣ, ವಿಸ್ಕಿ ತುಂಬಾ ಜಾಸ್ತಿ ಆಯ್ತಲ್ಲ?"

"ಜಾಸ್ತಿ ಆಗೋಕೆ ಸಾಧ್ಯವೇ ಇಲ್ಲ ಮೇಡಂ. ನಾಲ್ಕೇ ಎಣಿಸಿದ್ದು."

"ಅಲ್ಲ, ನೀವೇ ರುಚಿ ನೋಡಿದ್ರಲ್ಲ ಈಗ? ನೋಡಿ ಸರಿಯಾಗಿದೆ ಅಂದ್ರಲ್ಲ?"

ಅವನು ಬಾಟಲಿಯತ್ತ ನೋಡಿದ. ಕೊಳವೆಯಿಲ್ಲದ ಬರೀ ಬಾಯಿ. ಆಗಷ್ಟೇ ತೆರೆದ ಬಾಟಲಿಯಲ್ಲಿ ಕತ್ತಿನವರೆಗೆ ಇದ್ದದ್ದು ಎಷ್ಟು ಕೆಳಗಿಳಿದಿತ್ತೆಂದು ಕಂಡಿತು. ಅಷ್ಟರಲ್ಲಿ ಬಾಗಿಲಿನಿಂದ ಹೆಂಡತಿಯ ದನಿ ಬಂತು.

"ಅವರಿಗೆ ನೆಗಡಿ ಮೇಡಂ. ಎರಡು ದಿನದಿಂದ ಮೂಗು ಕಟ್ಟಿದೆ. ನಾನೇ ಇವತ್ತು ಬೇಡ ಅಂದೆ, ಕೇಳಲಿಲ್ಲ."

ಮ್ಯಾನೇಜರಮ್ಮನ ಮುಖ ತಿಳಿಯಾಯಿತು. "ಅಯ್ಯೋ, ಹಾಗಾ? ಮೊದಲೇ ಹೇಳೋದಲ್ವಾ ಅಣ್ಣ. ಮುಂದಿನ ವಾರ ಬರ್ತೀನಿ ಬಿಡಿ."

ಇಷ್ಟೇ ಸಾಕಿತ್ತು. ಹ್ಞೂಂ ಎಂದು ತಲೆಯಾಡಿಸಿದ್ದರೆ ಇನ್ನೊಂದು ವಾರ ಸಿಗುತ್ತಿತ್ತು, ಮುಚ್ಚಳದಲ್ಲಿ ಅಳೆದರೆ ಕೆಲಸವೂ ಸಿಗುತ್ತಿತ್ತೋ ಏನೋ. ಆದರೆ ಎಣಿಕೆಯಣ್ಣ ಹೆಂಡತಿಯನ್ನೇ ನೋಡುತ್ತಿದ್ದ. ಗಿರಾಕಿಯ ಅಂಗಿಗೆ ಸುಟ್ಟ ತೂತು ಬಿದ್ದರೂ ಯಜಮಾನನ ಎದುರೇ ನಿಜ ಹೇಳಿಬಿಡುವ ಹೆಂಗಸು ಅವಳು. ಅಂಥವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಯಾರ ಕಣ್ಣನ್ನೂ ನೋಡದೆ, ಅವನಿಗಾಗಿ ಸುಳ್ಳು ಹೇಳಿ ನಿಂತಿದ್ದಳು. ಇವಳಿಗೆ ಎಲ್ಲ ಗೊತ್ತಿದೆ ಎಂದು ಅವನಿಗೆ ಆ ಕ್ಷಣ ಹೊಳೆಯಿತು. ತಾನು ಸುಳ್ಳು ಹೇಳಿದ್ದು ಸಾಲದೆಂದು ಇವಳ ಬಾಯಲ್ಲೂ ಹೇಳಿಸಿದೆನಲ್ಲ ಎಂದುಕೊಂಡ.

"ನೆಗಡಿ ಅಲ್ಲ ಮೇಡಂ" ಎಂದ. "ನಾಲ್ಕು ತಿಂಗಳಾಯ್ತು. ಜ್ವರ ಬಂದು ಹೋದ ಮೇಲೆ ನನಗೆ ಯಾವ ವಾಸನೆನೂ ಇಲ್ಲ. ಬಾರ್ ಮುಚ್ಚೋವರೆಗೂ ಸುಮ್ಮನೆ ಸ್ಟ್ರಾ ಅದ್ದಿ ನಾಟಕ ಮಾಡಿದೀನಿ. ಈಗಲೂ ಅದನ್ನೇ ಮಾಡಿದೆ."

ಮ್ಯಾನೇಜರಮ್ಮ ಲೋಟವನ್ನು ತಮ್ಮತ್ತ ಎಳೆದುಕೊಂಡು ನೋಡಿದರು. ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಗಾಳಿ ಹೊಡೆಯುತ್ತಿದ್ದರು.

"ಮತ್ತೆ ಈ ಕಾಕ್‌ಟೇಲ್ ಯಾರು ಮಾಡಿದ್ದು?"

"ಕೈ ನನ್ನದು. ಮೂಗು, ನಾಲಿಗೆ ಎರಡೂ ಇವಳದ್ದು. ಆ ಮುಚ್ಚಳನೂ ಅಳತೆಗೇ ಇಟ್ಟಿದ್ದು. ನಾಚಿಕೆಗೆ ತಳ್ಳಿದೆ."

"ಹಾಗಾದ್ರೆ ಇನ್ನೊಂದು ಸಲ ಮಾಡಿ. ಮುಚ್ಚಳದಲ್ಲೇ ಮಾಡಿ" ಎಂದರು ಮ್ಯಾನೇಜರಮ್ಮ.

ಮಾಡಿದ. ನಾಲ್ಕು ಮುಚ್ಚಳ ಅಳೆದ. ಜೀವಮಾನದಲ್ಲಿ ಮೊದಲ ಸಲ ಗಿರಾಕಿಯ ಮುಖ ಬಿಟ್ಟು ಮುಚ್ಚಳವನ್ನೇ ನೋಡುತ್ತಾ ಸುರಿದ. ಹೆಂಡತಿ ಮೇಜಿನ ಹತ್ತಿರ ಬಂದು ಸ್ಟ್ರಾ ಅದ್ದಿ ನೋಡಿ, "ಇವತ್ತಿನ ಹಣ್ಣು ಸಪ್ಪೆ. ಇನ್ನು ಅರ್ಧ ಚಮಚ ನಿಂಬೆ" ಎಂದಳು. ಹಾಕಿದ. ಇನ್ನೊಮ್ಮೆ ನೋಡಿ, "ಕೊಡಿ ಈಗ" ಎಂದಳು. ಮ್ಯಾನೇಜರಮ್ಮ ನಿಧಾನವಾಗಿ, ಐಸ್ ಸದ್ದು ಮಾಡುವವರೆಗೂ ಕುಡಿದರು. ಕೊನೆಗೆ ತಳದಲ್ಲಿ ಉಳಿದ ಹಣ್ಣನ್ನೂ ಚಮಚದಲ್ಲಿ ತೆಗೆದು ತಿಂದರು.

"ಮೂರು ಮನೇಲಿ ಕುಡಿದದ್ದರಲ್ಲಿ ಇದೇ ಚೆನ್ನಾಗಿದೆ" ಎಂದರು. "ಇದನ್ನ ಮೆನುಗೆ ಹಾಕ್ತೀನಿ. ಆದ್ರೆ ಅಣ್ಣ, ಬಾರಿನ ಹೊಣೆ ನಿಮಗೆ ಕೊಡೋಕಾಗಲ್ಲ. ಹಣ್ಣು ಕೊಳೆತಿದ್ರೆ, ಕೆನೆ ಕೆಟ್ಟಿದ್ರೆ ನಿಮಗೆ ತಿಳಿಯಲ್ಲ. ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಉತ್ತರ ಹೇಳಬೇಕು. ಇದನ್ನ ಹೇಳೋಕೆ ನನಗೇನೂ ಖುಷಿ ಇಲ್ಲ."

"ಗೊತ್ತು ಮೇಡಂ. ನಿಮ್ಮ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ದೆ."

"ಉಳಿದಿಬ್ಬರಲ್ಲಿ ಹೊಣೆ ಯಾರಿಗೆ ಹೋದ್ರೂ ಅವರ ಕೈ ತಿದ್ದೋಕೆ ಬರ್ತೀರಾ? ವಾರಕ್ಕೆ ಮೂರು ದಿನ? ಈಗಲೇ ಹೇಳಬೇಡಿ, ಯೋಚನೆ ಮಾಡಿ." ಹೆಲ್ಮೆಟ್ ಎತ್ತಿಕೊಂಡರು. ಬಾಗಿಲ ಬಳಿ ನಿಂತು ಹೆಂಡತಿಯ ಕಡೆ ತಿರುಗಿ ಕೈ ಮುಗಿದು ಹೋದರು.

ಸ್ಕೂಟರಿನ ಸದ್ದು ಅಡಗಿದ ಮೇಲೆ ಎಣಿಕೆಯಣ್ಣ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಗಿರಾಕಿ ಕೂರುವ ಕಡೆ ಕೂತ. ಹೆಂಡತಿ ಲೋಟಗಳನ್ನು ಒಟ್ಟು ಮಾಡತೊಡಗಿದಳು.

"ಯಾವಾಗ ಗೊತ್ತಾಯ್ತು ನಿನಗೆ?"

"ಜ್ವರ ಬಿಟ್ಟ ವಾರವೇ. ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ, ಹಾಲು ಸೀದು ಕರಿಕಲಾಗಿ, ವಾಸನೆ ಬೀದಿಗೆ ಹೋಗಿತ್ತು. ನೀವು ಕ್ರಿಕೆಟ್ ಸುದ್ದಿ ಓದ್ತಿದ್ರಿ."

"ಮತ್ತೆ ಹೇಳಲಿಲ್ಲ ಯಾಕೆ?"

"ಹೇಳಬೇಕಾದವರು ನೀವಾ ನಾನಾ?" ಎಂದಳು. ದನಿ ಒಮ್ಮೆಗೇ ಏರಿತು. "ನಾಲ್ಕು ತಿಂಗಳು ಕಾದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಹೆಣ್ಣುಮಕ್ಕಳ ನಾಲಿಗೆಯಂತೆ! ನನ್ನನ್ನೇನು ಚಿಕ್ಕ ಮಗು ಅಂದ್ಕೊಂಡಿದೀರಾ? ಕೆಲಸ ಹೋಗುತ್ತೆ ಅನ್ನೋ ಭಯಕ್ಕೆ ನನ್ನಿಂದಲೂ ಮುಚ್ಚಿಡಬೇಕಿತ್ತಾ?"

"ಕೆಲಸದ ಭಯ ಅಲ್ವೇ."

"ಮತ್ತೇನು?"

ಅವನು ಮೇಜಿನ ಬಿಳಿ ಬಟ್ಟೆಯ ಮೇಲೆ ಬಿದ್ದಿದ್ದ ಹಣ್ಣಿನ ಕಲೆಯನ್ನು ಬೆರಳಿಂದ ಒರೆಸುತ್ತಿದ್ದ. ಅದು ಇನ್ನಷ್ಟು ಹರಡಿತು.

"ನಿನ್ನ ವಾಸನೆ ಗೊತ್ತಾಗ್ತಿಲ್ಲ ಕಣೇ. ನೀನು ಬಾಗಿಲು ತೆಗೆದು ಒಳಗೆ ಬಂದ್ರೆ ತಲೆ ಎತ್ತದೇನೇ ತಿಳೀತಿತ್ತು. ಈಗ ಯಾರೋ ಬೇರೆಯವರ ಮನೇಲಿ ಬಂದು ಇದ್ದ ಹಾಗೆ ಆಗ್ತಿದೆ. ಪಕ್ಕದಲ್ಲಿ ನೀನು ಮಲಗಿರ್ತೀಯ, ಆದ್ರೂ ಇಲ್ಲ ಅನ್ನಿಸುತ್ತೆ. ಇದನ್ನ ಹೇಗೆ ಹೇಳಲಿ ನಿನಗೆ?"

ಹೆಂಡತಿ ಲೋಟಗಳನ್ನು ಅಲ್ಲೇ ಇಟ್ಟಳು. ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಅವಳ ಕಣ್ಣು ತುಂಬಿತು. ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೆ ಬಂದು ಕೂತಳು.

"ಅಂಥದ್ದೇನು ಕಳ್ಕೊಂಡಿದೀರಿ ಬಿಡಿ. ಸೋಪು, ಬೆವರು, ಇಸ್ತ್ರಿ ಹಬೆ. ಅಷ್ಟೇ ತಾನೆ?"

"ಅಷ್ಟೇ. ಇವತ್ತು ಹೇಗಿದೆ ಹೇಳು."

"ಏನು?"

"ನಿನ್ನ ವಾಸನೆ. ಇವತ್ತು ಹೇಗಿದೆ, ಹೇಳು."

ಅವಳು ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ ಯಾರದೋ ಅಂಗಿ ಕೈಗೆ ಬಂದ ಹಾಗೆ, ತನ್ನ ಸೀರೆಯ ಸೆರಗನ್ನು ಮೂಗಿನ ಹತ್ತಿರ ಹಿಡಿದು, ಗಮನವಿಟ್ಟು ಮೂಸಿದಳು.

"ಬೆಳಿಗ್ಗೆ ನಿಮ್ಮ ಕೋಟು ಇಸ್ತ್ರಿ ಮಾಡಿದ್ದು, ಅದರ ಹಬೆ ಇನ್ನೂ ಇದೆ" ಎಂದಳು. "ನಿಂಬೆ ಸಿಪ್ಪೆ ಇದೆ. ತೋಳಿನ ಹತ್ತಿರ ಬೆವರು, ಆ ಮೇಡಂ ಬಂದಾಗ ಹೆದರಿದ್ದಕ್ಕೆ ಬಂದಿರಬೇಕು."

ಎಣಿಕೆಯಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ.

"ಆಮೇಲೆ?" ಎಂದ.